ಸೊಂಟ ಕೂತ ಸದ್ದು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನ ಅಂಗಳದಲ್ಲಿ ಮೆಕ್ಕೆಜೋಳ ಹರವಿತ್ತು ಎಂದು ನನಗನ್ನಿಸುತ್ತದೆ. ಅಣ್ಣ ಅದು ಆಮೇಲಿನ ವಾರ ಅನ್ನುತ್ತಾನೆ. ಬಂದವರು ತಂದಿದ್ದ ಸ್ಟೂಲು ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದ್ದೋ ಹೇಳಲಾರೆ. ಅವ್ವ ಉಟ್ಟಿದ್ದ ಸೀರೆ ಕಣ್ಣಿಗೆ ಕಟ್ಟಿದಂತಿದೆ, ಆದರೆ ಅದು ಅವಳು ದಿನಾ ಉಡುವ ಸೀರೆಗಳಲ್ಲೊಂದು, ಆ ನೆನಪಿಗೆ ಬೆಲೆಯಿಲ್ಲ. ನಾನು ಇತಿಹಾಸ ಓದಿದವಳು, ಸೊರಬದ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡೆ ಅನ್ನುವವರ ಮಾತನ್ನೂ ಪೂರ್ತಿ ನಂಬಬಾರದೆಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಈಗ ಕಣ್ಣಾರೆ ಕಂಡವಳು ನಾನೇ.

ಒಂದು ಮಾತಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅಥವಾ ಅನುಮಾನ ಪಡುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ನಮ್ಮ ಹೋರಿಯ ಬೆನ್ನು ನೋಡಲು ಬಂದ ಮನುಷ್ಯ, ಹಿತ್ತಿಲಲ್ಲಿ ಕೈ ತೊಳೆದುಕೊಳ್ಳುತ್ತ, "ಈ ಸಲ ಓಡಿಸಬೇಡಿ" ಅಂದರು. ಆಗ ಅಲ್ಲಿ ಇದ್ದವರು ನಾವು ಮಾತ್ರ: ಮೂಗುದಾರ ಹಿಡಿದಿದ್ದ ಅಣ್ಣ, ತಂಬಿಗೆಯಿಂದ ಅವರ ಕೈಗೆ ನೀರು ಹಾಕುತ್ತಿದ್ದ ಅವ್ವ, ಟವೆಲ್ಲು ಹಿಡಿದು ನಿಂತಿದ್ದ ನಾನು.

ಅಣ್ಣ ಈಗ ಅವರು ಹಾಗೆ ಹೇಳಲೇ ಇಲ್ಲ ಅನ್ನುತ್ತಾನೆ.

ನಮ್ಮ ಮನೆ ಇರುವುದು ಶಿಕಾರಿಪುರದಿಂದ ಅಂಬ್ಲಿಗೊಳದ ಕಡೆಗೆ, ಡ್ಯಾಮಿನ ನೀರು ಕೆಲವು ವರ್ಷ ಬಂದು ಕೆಲವು ವರ್ಷ ಬಾರದ ಊರಿನಲ್ಲಿ. ನಮ್ಮ ಕಡೆ ಹೋರಿಯೆಂದರೆ ಉಳುವ ಎತ್ತಲ್ಲ. ದೀಪಾವಳಿ ಕಳೆದ ಮೇಲೆ ಒಂದೊಂದು ಊರಲ್ಲಿ ಒಂದೊಂದು ದಿನ ಹೋರಿ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೋಡಿಗೆ ಬಲೂನು ರಿಬ್ಬನ್ ಬಿಗಿದು, ಎರಡೂ ಕಡೆ ಬೇಲಿ ಹಾಕಿದ ಅಖಾಡಕ್ಕೆ, ಜನರ ನಡುವೆ ಬಿಡುತ್ತಾರೆ. ಜನ ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಲು ಬಿಡದೆ ಹೋರಿ ದಾಟಿಹೋಗಬೇಕು. ದಾಟಿದ ಹೋರಿಗೆ ಹೆಸರು, ಹೆಸರಿಗೊಂದು ಅಭಿಮಾನಿ ಬಳಗ, ಬಳಗಕ್ಕೆಲ್ಲ ಒಂದೇ ಬಣ್ಣದ ಟೀ ಶರ್ಟು. ನಮ್ಮ ಹೋರಿಗೂ ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ, ಫ್ಲೆಕ್ಸಿನ ಮೇಲೆ ಆ ಹೆಸರು ನೋಡಿ ನೋಡಿ ನನಗೆ ಸಾಕಾಗಿದೆ. ಅವ್ವ ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ. "ಮಗಾ" ಅನ್ನುತ್ತಿದ್ದಳು.

ಅಪ್ಪ ತೀರಿಕೊಂಡ ವರ್ಷವೇ ಅದು ತಬ್ಬಲಿಯಾದ ಕರು. ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಯಲ್ಲಿ ಗೋಣಿಚೀಲ ಹೊದಿಸಿ ಅವ್ವನೇ ಬದುಕಿಸಿದಳು. ಅಳಲು ಅವಳಿಗೆ ಪುರುಸೊತ್ತು ಕೊಡದ ಕರು. ದೊಡ್ಡದಾಗುತ್ತ ಅದಕ್ಕೆ ಕಾಲು ಬಂತು, ವೇಗ ಬಂತು, ಅಣ್ಣನ ಕಣ್ಣು ಬಿತ್ತು. ಹುರುಳಿ ಬೇಯಿಸಿ, ಹಿಂಡಿ ನೆನೆಸಿ ತಿನ್ನಿಸುವ ಕೆಲಸ ಅವ್ವನಿಗೇ ಉಳಿಯಿತು. ಹಗ್ಗ ಹಿಡಿದು ಫೋಟೋಕ್ಕೆ ನಿಲ್ಲುವ ಕೆಲಸ ಅಣ್ಣನದಾಯಿತು. ಹೀಗೆ ಬರೆಯುವುದು ಅಣ್ಣನಿಗೆ ಅನ್ಯಾಯವಿರಬಹುದು. ಕೆರೆಗೆ ಹೊಡೆದುಕೊಂಡು ಹೋಗಿ ಈಜಿಸುತ್ತಿದ್ದವನು ಅವನೇ, ಅದಕ್ಕೆ ಜ್ವರ ಬಂದಾಗ ಕೊಟ್ಟಿಗೆಯಲ್ಲಿ ಪಕ್ಕಕ್ಕೆ ಮಲಗಿದವನೂ ಅವನೇ.

ಕೆರೆ ಏರಿಯ ಮೇಲೆಯೇ ಅದು ಜಾರಿದ್ದು. ಹಿಂಗಾಲು ಎರಡೂ ಒಂದೇ ಕಡೆಗೆ ಹೋದವಂತೆ. ಮನೆಗೆ ನಡೆದೇ ಬಂತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವ ಮಾತ್ರ ಅದು ಏಳುವುದನ್ನು ನೋಡುತ್ತಿದ್ದಳು. ಏಳಲು ಹೋಗಿ, ಆಗದೆ ಕೂತು, ಮತ್ತೊಮ್ಮೆ ಉಸಿರು ಕಟ್ಟಿ ಏಳುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟರೆ ಬೆನ್ನು ತಗ್ಗಿಸಿ ಸರಿಯುತ್ತಿತ್ತು.

"ಏಳುವಾಗ ನನ್ನಂಗ ಆಗ್ಯಾನ ನೋಡು," ಅಂದಳು ನನಗೆ.

ಅವ್ವನ ಬೆನ್ನಿನ ಕತೆ ಹಳೆಯದು. ಸೆಗಣಿ ಪುಟ್ಟಿ, ಹುಲ್ಲಿನ ಹೊರೆ, ನೀರಿನ ಬಕೆಟ್ಟು. ಬಾಗಿಲ ಚೌಕಟ್ಟು ಹಿಡಿದು, "ಶಿವನೇ" ಅಂದು ಒಂದು ಗಳಿಗೆ ನಿಂತು, ಆಮೇಲೆ ಹೆಜ್ಜೆ ಇಡುತ್ತಾಳೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದಾಗಲೆಲ್ಲ ಅವಳ ಉತ್ತರ ಒಂದೇ: "ಹುಲ್ಲು ಯಾರ್ ಹಾಕ್ತಾರ?"

ತಾಲ್ಲೂಕಿನ ಪಶು ವೈದ್ಯರು ಬಂದರು. ಬಾಲ ಎತ್ತಿ ನೋಡಿದರು, ಹಿಂಗಾಲಿನ ಗೊರಸು ಮಡಚಿ ಬಿಟ್ಟು ನೋಡಿದರು, ಇಂಜೆಕ್ಷನ್ ಕೊಟ್ಟರು. "ಈ ಸೀಸನ್ ಮರೆತುಬಿಡ್ರಿ, ಕೊಟ್ಟಿಗೆಯಲ್ಲೇ ಇರಲಿ" ಅಂದರು. ಅವರ ಬೈಕು ತಿರುವಿನಲ್ಲಿ ಮರೆಯಾಗುವುದನ್ನೇ ಅಣ್ಣ ಕಾಯುತ್ತಿದ್ದ.

"ಅವ್ರು ಆಕಳಿಗೆ ಡಾಕ್ಟ್ರು. ಹೋರಿ ವಿಷ್ಯ ಏನ್ ಗೊತ್ತೈತಿ ಅವ್ರಿಗೆ?"

"ಆಕಳ ಹೊಟ್ಯಾಗಲ್ಲೇನು ಹೋರಿ ಹುಟ್ಟೋದು?" ಅಂದಳು ಅವ್ವ.

ಅಣ್ಣ ನಗಲಿಲ್ಲ. "ನೋಡವ್ವ, ಈ ಸಲ ಓಡ್ಲಿಲ್ಲ ಅಂದ್ರ ಮಾರೋದೇ. ಹಾವೇರಿ ಕಡೆಯೋರು ಕೇಳಾಕ ಹತ್ಯಾರ. ಹೆಸ್ರು ಇರೋ ತನಕ ಕೇಳ್ತಾರ. ಮುಂದಿನ ವರ್ಷ ಕೊಟ್ಟಿಗ್ಯಾಗ ನಿಂತ ಹೋರೀನ ಯಾರ್ ಒಯ್ತಾರ, ನೀನೇ ಹೇಳು."

ಯಾರು ಒಯ್ಯುತ್ತಾರೆಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಗೋದಲಿಯಲ್ಲಿ ಉಳಿದ ಜೋಳದ ಸಪ್ಪೆ ಬಾಚಿ ತೆಗೆಯತೊಡಗಿದಳು.

ಅಲ್ಲಿಂದಾಚೆ ಅಣ್ಣ ಹುಡುಕಿದ್ದು ಮದ್ದನ್ನಲ್ಲ, ಬೇರೆ ಮಾತು ಹೇಳುವವರನ್ನು. ಫೋನಿನಲ್ಲಿ ಸಿಕ್ಕರು. ಯಾವುದೋ ದೇಶದಲ್ಲಿ ಒಬ್ಬ ದಡೂತಿ ಮನುಷ್ಯ ಕುದುರೆಯ ಕತ್ತನ್ನು ತೋಳಲ್ಲಿ ಅಪ್ಪಿ ತಿರುಗಿಸುತ್ತಾನೆ, ಲಟಕ್ ಅನ್ನುತ್ತದೆ, ಕುದುರೆ ಆಕಳಿಸುತ್ತದೆ. ಅದನ್ನು ನೋಡುತ್ತ ನೋಡುತ್ತ ಹುಬ್ಬಳ್ಳಿ ಕಡೆಯವರೊಬ್ಬರ ವಿಡಿಯೋ ಬಂತು: ನಾಯಿಗಳಿಗೆ, ರೇಸಿನ ಕುದುರೆಗಳಿಗೆ ಬೆನ್ನುಮೂಳೆಯ ಕೈಚಿಕಿತ್ಸೆ ಮಾಡುತ್ತಾರೆ. ಕೈರೋಪ್ರಾಕ್ಟಿಕ್ ಎಂಬ ಮಾತು ನಮ್ಮೂರಿಗೆ ಬಂದದ್ದು ಹೀಗೆ. ಹುಡುಗರ ಬಾಯಲ್ಲಿ ಅದು ಒಂದೇ ದಿನಕ್ಕೆ "ಕೈರೋ" ಆಯಿತು, ಹಿರಿಯರ ಬಾಯಲ್ಲಿ "ಸೊಂಟ ಕೂರ್ಸೋ ಡಾಕ್ಟ್ರು".

ಅವರು ಬಂದಾಗ ಅಂಗಳದ ತುಂಬ ಬಳಗದ ಹುಡುಗರು. ಕಾರಿನಿಂದ ಇಳಿದವರು ಯಾರ ಕೈಯನ್ನೂ ಕುಲುಕದೆ ನೇರ ಹೋರಿಯ ಹತ್ತಿರ ಹೋದದ್ದು ನನಗೆ ಇಷ್ಟವಾಯಿತು.

"ಪಶು ಡಾಕ್ಟ್ರಿಗೆ ತೋರಿಸಿದ್ದೀರೇನ್ರಿ?"

"ತೋರ್ಸೀವ್ರಿ. ಏನೂ ಇಲ್ಲ ಅಂದಾರ," ಅಂದ ಅಣ್ಣ.

"ರೆಸ್ಟ್ ಬೇಕು ಅಂದಿದ್ದಾರೆ," ಅಂದೆ ನಾನು.

ಅಣ್ಣ ನನ್ನ ಕಡೆ ನೋಡದೆಯೇ ನಕ್ಕ. "ನಮ್ ತಂಗಿ ರೀ. ಕಾಲೇಜಿನ್ಯಾಗ ಪಾಠ ಮಾಡಿ ಮಾಡಿ, ಮನಿಗೆ ಬಂದ್ರೂ ನಿಲ್ಸಂಗಿಲ್ಲ."

ಹುಡುಗರು ನಕ್ಕರು. ಬಂದವರು ನಗಲಿಲ್ಲ. ಹೋರಿಯನ್ನು ನಡೆಸಿ ಎಂದರು. ಹಿಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು. ಸ್ಟೂಲಿನ ಮೇಲೆ ಹತ್ತಿ, ಭುಜದಿಂದ ಬಾಲದ ಬುಡದವರೆಗೆ ಬೆನ್ನುಮೂಳೆಯ ಎರಡೂ ಬದಿಗೆ ಬೆರಳು ಒತ್ತುತ್ತ ಹೋದರು. ಅವ್ವ ಹೋರಿಯ ಕೊರಳಡಿಯ ಗಂಗೆದೊಗಲು ಸವರುತ್ತ ಮುಂದೆ ನಿಂತಿದ್ದಳು. ಸೊಂಟದ ಹತ್ತಿರ ಒಂದು ಕಡೆ ಬೆರಳು ತಾಗಿದ್ದೇ ಚರ್ಮ ಅದುರಿತು. ಅಲ್ಲಿ ಅಂಗೈ ಊರಿ, ಕಾದು, ಹೋರಿ ಉಸಿರು ಬಿಡುವಾಗ ಒಮ್ಮೆ ಚುರುಕಾಗಿ ಒತ್ತಿದರು.

ಲಟಕ್.

"ಕೂತ್ತಲೇ ಸೊಂಟ!" ಎಂದು ಯಾರೋ ಕೂಗಿದರು. ಶಿಳ್ಳೆ ಬಿತ್ತು. ಹೋರಿ ಮೈ ಜಾಡಿಸಿ, ಉದ್ದನೆಯ ನಾಲಗೆಯಿಂದ ಮೂಗು ನೆಕ್ಕಿಕೊಂಡಿತು.

ನಮ್ಮ ಕಡೆ ಉಳುಕು ತೆಗೆಯುವವರು ಹಿಂದಿನಿಂದಲೂ ಇದ್ದಾರೆ. ಕಾಲು ಉಳುಕಿದವನನ್ನು ಕೂರಿಸಿ ಎಳೆಯುತ್ತಾರೆ. ಎಲ್ಲರೂ ಕಾಯುವುದು ಸದ್ದಿಗೆ. ಸದ್ದು ಬಂದರೆ ವಾಸಿಯಾದಂತೆ. ಬಂದ ಕೂಡಲೇ ಆ ಮನುಷ್ಯ ಎದ್ದು ನಡೆದು ತೋರಿಸಬೇಕು. ಜಾಗಕ್ಕೆ ಕೂತ ಕೀಲನ್ನು ಆಡಿಸದೆ ಬಿಟ್ಟರೆ ಮತ್ತೆ ಜಾರುತ್ತದೆಂದು ನಂಬಿಕೆ. ನಾನು ಚಿಕ್ಕವಳಿದ್ದಾಗ ನನ್ನನ್ನೂ ಹಾಗೆ ಅಂಗಳದಲ್ಲಿ ಓಡಿಸಿದ್ದರು. ಅಳುತ್ತಾ ಓಡಿದ್ದೆ, ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಸದ್ದಿಗೆ ಅಷ್ಟೇನೂ ಅರ್ಥ ಇಲ್ರಿ," ಎಂದರು ಬಂದವರು, ಸ್ಟೂಲಿನಿಂದ ಇಳಿಯುತ್ತ. "ನೀವು ಬೆರಳು ಲಟಕಿ ತೆಗೆಯಲ್ವಾ, ಹಾಗೇ ಇದೂ." ಕೇಳಿಸಿಕೊಳ್ಳಲು ಯಾರಿದ್ದರು? ಹುಡುಗರೆಲ್ಲ ವಿಡಿಯೋ ತೆಗೆದವನ ಸುತ್ತ ಗುಂಪಾಗಿ, ಅದೇ ಸದ್ದನ್ನು ಮತ್ತೆ ಮತ್ತೆ ಕೇಳುತ್ತ ಬೀದಿಗೆ ಇಳಿದಿದ್ದರು.

ಕೈ ತೊಳೆಯಲು ಹುಬ್ಬಳ್ಳಿಯವರು ಹಿತ್ತಿಲಿಗೆ ಬಂದದ್ದು ಆಮೇಲೆ. ಅಣ್ಣ ಹೋರಿಯನ್ನೂ ಹಿಂದೆಯೇ ನಡೆಸಿಕೊಂಡು ಬಂದ. ಬಕೆಟ್ಟಿನಿಂದ ನೀರು ತುಂಬಿಕೊಳ್ಳಲು ಬಗ್ಗಿದ ಅವ್ವ ನೆಟ್ಟಗಾಗಲು ಗೋಡೆಗೆ ಕೈಯೂರಿದ್ದನ್ನು ಅವರು ನೋಡಿದರು.

"ಅಮ್ಮಾ, ನಿಮ್ಮ ಬೆನ್ನು ಹೋರಿಗಿಂತ ಕೆಟ್ಟಿದೆಯಲ್ಲಾ. ಯಾರಿಗಾದ್ರೂ ತೋರಿಸಿದ್ದೀರಾ?"

"ನಂದೇನ್ರಿ," ಅಂದಳು ಅವ್ವ. "ನಾನೇನ್ ಅಖಾಡಕ್ಕ ಇಳೀಬೇಕಾ?"

ಅಣ್ಣ ಜೋರಾಗಿ ನಕ್ಕ. ನಾನು ನಗಲಿಲ್ಲ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ನಕ್ಕಿರಬಹುದು. ಅವ್ವ ಹೇಳಿದ ಧಾಟಿಗೆ ಯಾರಿಗಾದರೂ ನಗು ಬರುತ್ತಿತ್ತು.

ಆಗಲೇ ಅವರು ಆ ಮಾತು ಹೇಳಿದ್ದು. "ಈ ಸಲ ಓಡಿಸಬೇಡಿ. ದಿನಾ ಸ್ವಲ್ಪ ಸ್ವಲ್ಪ ನಡೆಸಿ, ಅಷ್ಟೇ. ನಾನು ಬಿಗಿ ಸಡಿಲ ಮಾಡಿದ್ದೇನೆ, ಬೆನ್ನಿಗೆ ಬಲ ಬಂದಿಲ್ಲ. ನೋವು ಕಡಿಮೆಯಾದ್ರೆ ಅದು ಓಡುತ್ತೆ. ಅದೇ ಅಪಾಯ."

"ಆತ್ರಿ, ಆತ್ರಿ," ಅಂದ ಅಣ್ಣ.

ತಂಬಿಗೆಯ ನೀರು ನಿಂತಿತು. ಅವರ ಕೈ ಸಾಬೂನಿನ ನೊರೆಯೊಂದಿಗೆ ಹಾಗೇ ಚಾಚಿಕೊಂಡಿತ್ತು. ಆಮೇಲೆ ಅವ್ವ ಮತ್ತೆ ಹಾಕಿದಳು.

ನನ್ನ ಹತ್ತಿರ ಸಾಕ್ಷಿ ಅಂತ ಏನಾದರೂ ಇದ್ದರೆ ಇದೊಂದೇ. ತಂಬಿಗೆ ಖಾಲಿಯಾಗಿ ನಿಂತಿರಬಹುದು, ಮತ್ತೆ ತುಂಬಿಕೊಂಡು ಹಾಕಿರಬಹುದು. ಆದರೆ ಅವಳು ಎರಡನೇ ಸಲ ಬಕೆಟ್ಟಿಗೆ ಬಗ್ಗಿದ್ದು ನನಗೆ ನೆನಪಿಲ್ಲ. ಅವಳು ಬಗ್ಗುವುದು ಮರೆತುಹೋಗುವಂಥದ್ದಲ್ಲ.

ಹೋರಿ ನಿಜಕ್ಕೂ ಚೇತರಿಸಿಕೊಂಡಿತು. ಇದನ್ನು ಬರೆಯದೆ ಹೋದರೆ ನಾನು ಸುಳ್ಳುಗಾತಿ. ಒಂದೇ ಸಲಕ್ಕೆ ಏಳತೊಡಗಿತು, ಕೈಯಿಟ್ಟರೆ ಸರಿಯುತ್ತಿರಲಿಲ್ಲ. ವಿಡಿಯೋ ಊರೂರು ಸುತ್ತಿತು. ನನ್ನ ತರಗತಿಯ ಉಳವಿ ಕಡೆಯ ಹುಡುಗನೊಬ್ಬ, "ಮೇಡಂ, ಲಟಕ್ ಹೋರಿ ನಿಮ್ಮನೇದಂತೆ ಹೌದಾ?" ಎಂದು ಕೇಳಿದ. ಆ ವಿಡಿಯೋ ಸದ್ದಿಗೆ ಮುಗಿಯುತ್ತದೆ. ಅದರಲ್ಲಿ ಹಿತ್ತಿಲಿಲ್ಲ, ತಂಬಿಗೆಯಿಲ್ಲ. ಎಷ್ಟು ಸಲ ನೋಡಿದೆನೆಂದರೆ ಈಗ ಆ ದಿನವನ್ನು ನೆನೆದರೆ ಮೊದಲು ಬರುವುದು ಫೋನಿನೊಳಗಿನ ಅಂಗಳ. ಅದರ ಮೂಲೆಯಲ್ಲಿ ನಾನೂ ನಿಂತಿದ್ದೇನೆ. ನನ್ನನ್ನು ನಾನೇ ಹೊರಗಿನಿಂದ ನೋಡುವ ನೆನಪು ನನ್ನದು ಹೇಗಾದೀತು?

ಅಷ್ಟು ಜನ ನೋಡಿದ ಮೇಲೆ ಓಡಿಸದೆ ಇರುವುದು ಅಣ್ಣನಿಂದಾಗಲಿಲ್ಲ. ಸೊರಬ ತಾಲ್ಲೂಕಿನ ಜಡೆಯ ಹತ್ತಿರದ ಊರೊಂದರ ಹಬ್ಬಕ್ಕೆ ಹೆಸರು ಕೊಟ್ಟ. ನಾನು ಸೊರಬದಿಂದ ಫೋನ್ ಮಾಡಿದೆ.

"ಬ್ಯಾಡ ಅಂದಿದ್ದರಲ್ಲೋ ಅವರು."

"ಏ, ಅದು ಕೂತ ಸೊಂಟ ಕಣೇ. ಆಡಿಸ್ಲಿಲ್ಲ ಅಂದ್ರ ಮತ್ತ ಜಾರ್ತೈತಿ. ಮೊದ್ಲಿಂದ ನೋಡಿಲ್ಲೇನು ನೀನು?"

"ಅವ್ವಗ ಫೋನ್ ಕೊಡು."

"ಅವ್ವ ಕೊಬ್ಬರಿ ಪೋಣ್ಸಾಕ ಕುಂತಾಳ," ಅಂದ. ಫೋನಿಟ್ಟ.

ಸೊರಬದಿಂದ ಹತ್ತಿರವೆಂದು ನಾನೇ ಬಸ್ಸು ಹತ್ತಿ ಹೋದೆ. ತಡೆಯುತ್ತೇನೆಂದು ಹೋದೆ ಎಂದು ಹೇಳಿಕೊಳ್ಳಲಾರೆ. ನಾನು ಮುಟ್ಟುವ ಹೊತ್ತಿಗೆ ಮೈಕಿನಲ್ಲಿ ಹೆಸರು ಕೂಗಿಯಾಗಿತ್ತು. ಒಂದು ಮನೆಯ ತಾರಸಿಯ ಮೇಲೆ ಹೆಂಗಸರ ಜೊತೆ ನಿಂತೆ. ಕೊರಳಲ್ಲಿ ಅವ್ವ ಪೋಣಿಸಿದ ಸರ. ಅವಳ ಗಂಟು ನನಗೆ ಗೊತ್ತು, ಎಳೆದರೆ ಬಿಚ್ಚುವುದಿಲ್ಲ. ಹೋರಿ ಗಾಳಿಯ ಹಾಗೆ ಬಂತು. ಮೈಮೇಲೆ ಬಿದ್ದವರು ಎರಡೂ ಕಡೆಗೆ ಉದುರಿದರು. ಒಂದು ಬಟ್ಟಲು ಕೊಬ್ಬರಿಯೂ ಹೋಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು, "ಯಾರ ಮನೇದೋ ಏನೋ, ಹಾಲು ಕುಡಿಸಿ ಬೆಳೆಸಿದವಳ ಕೈ ದೊಡ್ಡದು ಬಿಡಿ," ಅಂದಳು. ಆ ಕ್ಷಣ ನನಗೂ ಹೆಮ್ಮೆಯಾಯಿತು. ಅದು ಖಂಡಿತ ನೆನಪಿದೆ.

ಅಖಾಡ ದಾಟಿ, ಕೊಯ್ದ ಗದ್ದೆಯೊಂದರಲ್ಲಿ ವೇಗ ಇಳಿಸಿ ತಿರುಗುವಾಗ ಹಿಂಭಾಗ ಕುಸಿಯಿತು. ಮುಂಗಾಲು ಊರಿ, ನಾಯಿ ಕೂರುವಂತೆ ಕೂತಿತು. ಜನ ಅದನ್ನು ಗೆದ್ದ ಹೋರಿಯ ಗತ್ತು ಅಂದುಕೊಂಡು ಕೂಗಿದರು. ಅಣ್ಣ ಓಡಿ ಬಂದು ಬಾಲ ಹಿಡಿದು ಎತ್ತಿದ, ಹುಡುಗರು ಹೊಟ್ಟೆಯಡಿ ಹಗ್ಗ ಹಾಕಿದರು. ಅದು ಮುಂಗಾಲಲ್ಲೇ ಮೈಯನ್ನು ಎಳೆದುಕೊಂಡು ಸ್ವಲ್ಪ ದೂರ ಹೋಯಿತು. ಸರ ಪೂರ್ತಿ ಕೊರಳಲ್ಲೇ ಇತ್ತು.

ಲಗೇಜ್ ಗಾಡಿಯಲ್ಲಿ ಮಲಗಿಸಿ ತಂದರು. ಪಶು ವೈದ್ಯರು ಮತ್ತೆ ಬಂದು, ಬೆನ್ನುಹುರಿಗೆ ಪೆಟ್ಟಾಗಿದೆ, ಇನ್ನು ಏಳುವುದಿಲ್ಲ ಅಂದರು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣಾಗುತ್ತದೆಂದು ಅವ್ವ ಅದನ್ನು ಹೊತ್ತು ಹೊತ್ತಿಗೆ ಹೊರಳಿಸಬೇಕಾಯಿತು. ಅಷ್ಟು ದೊಡ್ಡ ಮೈ. ಅಕ್ಕಪಕ್ಕದವರು ಮೊದಮೊದಲು ಕೈ ಹಾಕಿದರು, ಆಮೇಲೆ ಅವ್ವ ಗೋಡೆಗೆ ಬೆನ್ನು ಕೊಟ್ಟು ಕಾಲಿಂದ ನೂಕುತ್ತಿದ್ದಳು. ಬಳಗದ ಹುಡುಗರು ಒಂದು ವಾರ ಬಂದರು. ಅದು ಸಾಯಲು ಅದಕ್ಕಿಂತ ಬಹಳ ದಿನ ತೆಗೆದುಕೊಂಡಿತು.

ಸತ್ತ ಮೇಲೆ ಎಲ್ಲರೂ ಬಂದರು. ಟ್ರ್ಯಾಕ್ಟರಿಗೆ ಹೂವು, ಮುಂದೆ ಡೊಳ್ಳು, "ಮತ್ತೆ ಹುಟ್ಟಿ ಬಾ" ಎಂದು ಫ್ಲೆಕ್ಸು. ನಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ನಿಜ, ನಾನದನ್ನು ಅನುಮಾನಿಸುವುದಿಲ್ಲ. ಅಳುತ್ತಲೇ, ಮುಖದ ಮುಂದೆ ಹಿಡಿದ ಫೋನುಗಳಿಗೆ ಹೇಳಿದ: "ಆ ಕೈರೋನೇ ನಮ್ ಹುಡ್ಗನ್ನ ಕೊಂದ. ಸೊಂಟ ಕೂತೈತಿ, ಓಡ್ಸ್ರಿ ಅಂತ ಹೇಳಿ ಹೋದ."

ಹುಬ್ಬಳ್ಳಿಯವರು ಆ ವಿಡಿಯೋದ ಕೆಳಗೆ, ಓಡಿಸಬೇಡಿ ಎಂದಿದ್ದೆ ಎಂದು ಬರೆದರು. ಅದರ ಕೆಳಗೆ ಬಿದ್ದ ಬೈಗುಳಗಳನ್ನು ನಾನು ಓದುತ್ತ ಹೋಗಲಿಲ್ಲ. ನಾನು ಅಲ್ಲಿದ್ದೆ, ಅವರು ಹೇಳಿದ್ದು ನಿಜ ಎಂದಷ್ಟೇ ಬರೆದೆ. ಕೂಡಲೇ ಅಣ್ಣನ ಫೋನು ಬಂತು.

"ಯಾರ ಕಡೆಯವಳೇ ನೀನು?"

"ಅವರು ಹೇಳಿದ್ದು ನೀನೂ ಕೇಳಿದ್ದಿ. ಆತ್ರಿ ಅಂದಿ."

"ದುಡ್ಡು ಕೊಡ್ತೀನಿ, ಆತ್ರಿ ಅಂದಿದ್ದು ನಾನು. ನಿಂಗ ನೆನಪು ತಪ್ಪೈತಿ. ಎರಡು ಡಿಗ್ರಿ ಮಾಡಿದ್ರ ಕಿವಿ ಎರಡು ಜಾಸ್ತಿ ಆಕ್ಕಾವೇನು? ಬೇಕಾರ ಅವ್ವನ ಕೇಳು."

ಅವನ ದನಿಯಲ್ಲಿ ಅಳುಕಿರಲಿಲ್ಲ. ಅವನು ತನ್ನ ಮಾತನ್ನು ನಂಬಿದ್ದಾನೆ. ನಂಬಿದವನ ನೆನಪು, ತನ್ನದನ್ನೇ ಪೂರ್ತಿ ನಂಬದವಳ ನೆನಪು, ಇವೆರಡರಲ್ಲಿ ಯಾವುದನ್ನು ಮುಂದಿಡುವುದು? ಕಾಲೇಜಿನ ಮಕ್ಕಳು ಕೇಳಿದರೆ ಏನೋ ಒಂದು ಹೇಳುತ್ತೇನೆ. ನನಗೆ ನಾನೇ ಹೇಳಿಕೊಳ್ಳಲು ಗೊತ್ತಾಗಲಿಲ್ಲ.

ಅದಾದ ಮೇಲಿನ ಭಾನುವಾರ ಊರಿಗೆ ಹೋದೆ. ಅಣ್ಣ ಮನೆಯಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಅದೇ ಗೂಟಕ್ಕೆ ಹೊಸ ಹೋರಿ ಕಟ್ಟಿತ್ತು, ತಮಿಳುನಾಡಿನ ಕಡೆಯದು, ಇನ್ನೂ ನಮ್ಮ ಮಾತಿಗೆ ಕಿವಿ ನಿಮಿರಿಸುವುದಿಲ್ಲ. ಅವ್ವ ಅದರ ಮುಂದೆ ಸಪ್ಪೆ ಹಾಕುತ್ತಿದ್ದಳು. ಅವಳ ಸೊಂಟ ಈಗ ಪೂರ್ತಿ ಒಂದು ಕಡೆಗೆ ವಾಲಿದೆ. ಬೆನ್ನು ತೋರಿಸಲು ಬಾ ಎಂದು ಕರೆದೆ. ಹುಲ್ಲು ಯಾರು ಹಾಕುತ್ತಾರೆಂದು ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ಹೋರಿಯ ಕಡೆ ಒಮ್ಮೆ ನೋಡಿದಳು, ಅಷ್ಟೇ.

ನಾನು ಬಂದದ್ದು ಬೇರೆಯದನ್ನು ಕೇಳಲು. ದಾರಿಯುದ್ದಕ್ಕೂ ಬೇರೆ ಬೇರೆ ಥರ ಜೋಡಿಸಿಕೊಂಡು ಬಂದಿದ್ದೆ. ಓಡದಿದ್ದರೆ ಮಾರುತ್ತಾನೆಂದು ಸುಮ್ಮನಿದ್ದೆಯಾ ಎಂದು ಕೇಳಬೇಕೆಂದಿದ್ದೆ. ಒಂದು ಸಲ ಓಡಿದರೆ ಮನೆಯಲ್ಲೇ ಉಳಿಯುತ್ತದೆ ಅಂದುಕೊಂಡೆಯಾ ಎಂದು. ನೋವಿಟ್ಟುಕೊಂಡೇ ದುಡಿಯಬಹುದು, ನಾನು ದುಡಿಯುತ್ತಿಲ್ಲವೇ ಅಂದುಕೊಂಡೆಯಾ ಎಂದು. ಅವೆಲ್ಲ ನಾನು ಅವಳ ಬಾಯಿಗೆ ತುರುಕುವ ಉತ್ತರಗಳು. ಹಾಗೆ ಕೇಳಿ ಪಡೆದ ಮಾತನ್ನು ನಾನೇ ನಂಬುವುದಿಲ್ಲ. ಅಣ್ಣ ನಿಜವೋ ನಾನು ನಿಜವೋ ಎಂದೂ ಕೇಳಲಿಲ್ಲ; ಇಬ್ಬರು ಮಕ್ಕಳ ನಡುವೆ ತಾಯಿಯನ್ನು ನಿಲ್ಲಿಸಿ ಕೇಳುವ ಮಾತಲ್ಲ ಅದು.

ಕೇಳಿದ್ದು ಒಂದೇ. ಅವಳು ಸಪ್ಪೆಯ ಕಂತೆ ಬಿಚ್ಚಿ, ಹರವಿ, ಚೌಕಟ್ಟು ಹಿಡಿದು ನಿಂತು, ಒಳಗೆ ಹೋಗಿ ಚಾಗೆ ನೀರಿಟ್ಟಳು. ಆಮೇಲೆ ಎಷ್ಟೋ ಸಲ ಊರಿಗೆ ಹೋಗಿ ಬಂದಿದ್ದೇನೆ. ಅವಳು ಇವತ್ತಿಗೂ ಉತ್ತರ ಹೇಳಿಲ್ಲ.

"ಅವ್ವ, ಅವತ್ತು ಅವ್ರ ಕೈಗೆ ನೀರು ಹಾಕಾಗ, ನಿನ್ ಕೈ ಯಾಕ ನಿಂತಿತು?"